ಬಾಡಿಗೆ ವಿಮಾನದ ಇಂಧನದ ಲೆಕ್ಕ: ಗಂಟೆಗೆ ಎಷ್ಟು ಎನ್ನುವ ಮೊದಲು ಯಾವ ಗಂಟೆ ಎಂದು ಕೇಳಿ

ಅಮೆರಿಕದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್ ಕೈಗೆ ಬಂದವರು ಮೊದಲು ಹುಡುಕುವುದು ಬಾಡಿಗೆಗೆ ಸಿಗುವ ಒಂದು ಸೆಸ್ನಾ 172, ನಾಲ್ಕು ಸೀಟಿನ ಸಣ್ಣ ವಿಮಾನ. ಒಂದು ಕ್ಲಬ್ಬಿನವರು ಗಂಟೆಗೆ 190 ಡಾಲರ್ ಅನ್ನುತ್ತಾರೆ. ಅದೇ ರನ್‌ವೇಯ ಆಚೆ ಬದಿಯ ಹ್ಯಾಂಗರಿನವರು 130 ಅನ್ನುತ್ತಾರೆ. ವಿಮಾನದ ಮಾದರಿಯೂ ಎಂಜಿನ್ನೂ ಒಂದೇ. ಅರವತ್ತು ಡಾಲರ್ ಉಳಿಯಿತು ಎಂದು ಎರಡನೆಯವರ ಹತ್ತಿರ ಓಡುವ ಮೊದಲು ಮೂರು ಸಂಗತಿ ವಿಚಾರಿಸಬೇಕು. ಆ ದರದೊಳಗೆ ಇಂಧನ ಸೇರಿದೆಯೇ? ಗಂಟೆ ಎಣಿಸುವುದು ಯಾವ ಮೀಟರು? ಬೇರೆ ಊರಿನಲ್ಲಿ ಇಂಧನ ಹಾಕಿಸಿದರೆ ದುಡ್ಡು ಯಾರ ಜೇಬಿನದು?

ಉದ್ದಕ್ಕೂ ಒಂದೇ ವಿಮಾನ, ಒಂದೇ ಪ್ರಯಾಣ ಇಟ್ಟುಕೊಂಡು ಲೆಕ್ಕ ಮಾಡುತ್ತೇನೆ. ವಿಮಾನ ಸೆಸ್ನಾ 172ಎಸ್: 180 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್, ಎರಡೂ ರೆಕ್ಕೆಯ ಟ್ಯಾಂಕು ಸೇರಿ 56 ಗ್ಯಾಲನ್, ಅದರಲ್ಲಿ ಬಳಕೆಗೆ ಸಿಗುವುದು 53. ಪ್ರಯಾಣ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂ ನಿಲ್ದಾಣದಿಂದ ದಕ್ಷಿಣಕ್ಕೆ ಪಾಸೋ ರೋಬ್ಲೆಸ್‌ಗೆ, ಅದೇ ದಿನ ವಾಪಸ್. ನೇರ ದಾರಿಯಲ್ಲಿ ಒಂದು ಕಡೆಗೆ ಸುಮಾರು 115 ನಾಟಿಕಲ್ ಮೈಲಿ. ಬೇ ಏರಿಯಾದ ಕನ್ನಡಿಗರಿಗೆ ಈ ಊರುಗಳನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ಇಲ್ಲಿ ಬರುವ ಡಾಲರ್ ದರಗಳೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡವು. ಅವುಗಳ ಜಾಗದಲ್ಲಿ ನಿಮ್ಮ ನಿಲ್ದಾಣದ ದರ ಹಾಕಿಕೊಳ್ಳಿ.

ಹಂತ 1: ವೆಟ್ಟೋ, ಡ್ರೈಯೋ?

ಇಂಧನ ಸೇರಿದ ದರಕ್ಕೆ ವೆಟ್ ರೇಟ್ ಎನ್ನುತ್ತಾರೆ, ಸೇರದ ದರಕ್ಕೆ ಡ್ರೈ ರೇಟ್. ವೆಟ್‌ನಲ್ಲಿ ನೀವು ಹಾರಿಸಿ, ತಂದು ನಿಲ್ಲಿಸಿ, ಮೀಟರು ಬರೆದು ಹೋಗಬಹುದು. ಟ್ಯಾಂಕು ತುಂಬಿಸುವ ಖರ್ಚು ಮಾಲೀಕರದು. ಡ್ರೈಯಲ್ಲಿ ಸುಟ್ಟ ಇಂಧನವನ್ನು ನೀವೇ ತುಂಬಿಸಿ ಕೊಡಬೇಕು.

ಇವೆರಡರ ನಡುವೆ ಮೂರನೆಯದೊಂದು ಇದೆ, ಅದೇ ಹೆಚ್ಚು ತೊಡಕಿನದು. ದರಪಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲಿ ವೆಟ್ ಎಂದು ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ ಫ್ಯೂಯಲ್ ಸರ್‌ಚಾರ್ಜ್ ಸೇರಿಸಿರುತ್ತಾರೆ. ಇಂಧನದ ಬೆಲೆ ಇಂತಿಷ್ಟು ದಾಟಿದರೆ ಗಂಟೆಗೆ ಇಷ್ಟು ಹೆಚ್ಚುವರಿ ಎಂದು. ಇದರಲ್ಲಿ ಮೋಸವೇನಿಲ್ಲ, ತಿಂಗಳಿಗೊಮ್ಮೆ ದರಪಟ್ಟಿ ತಿದ್ದುವ ಬದಲು ಈ ಏರ್ಪಾಡು. ಆದರೆ ಈ ತಿಂಗಳ ಸರ್‌ಚಾರ್ಜ್ ಎಷ್ಟು ಎಂದು ಬಾಯಿಬಿಟ್ಟು ಕೇಳದಿದ್ದರೆ ಗೊತ್ತಾಗುವುದು ಬಿಲ್ಲು ಬಂದ ಮೇಲೆಯೇ.

ಡ್ರೈ ಒಪ್ಪಂದವಾದರೆ ಇನ್ನೊಂದು ಪ್ರಶ್ನೆ: ವಾಪಸ್ ಕೊಡುವಾಗ ಟ್ಯಾಂಕು ಎಲ್ಲಿಯವರೆಗೆ ಇರಬೇಕು? ಕೆಲವರು ಬಾಯಿಮಟ್ಟ ಅನ್ನುತ್ತಾರೆ, ಕೆಲವರು ಟ್ಯಾಬ್‌ವರೆಗೆ ಸಾಕು ಅನ್ನುತ್ತಾರೆ. ಟ್ಯಾಬ್ ಅಂದರೆ ಟ್ಯಾಂಕಿನ ಬಾಯೊಳಗೆ ಕಾಣುವ ಲೋಹದ ಪಟ್ಟಿ. 172ಎಸ್‌ನಲ್ಲಿ ಅಲ್ಲಿಯವರೆಗೆ ತುಂಬಿದರೆ ಒಂದು ಬದಿಗೆ 17.5, ಒಟ್ಟು 35 ಬಳಕೆಯ ಗ್ಯಾಲನ್. ನಿಮಗಿಂತ ಮೊದಲು ಹಾರಿಸಿದವರು ನಾಲ್ಕು ಗ್ಯಾಲನ್ ಕಡಿಮೆ ಬಿಟ್ಟುಹೋಗಿದ್ದರೆ ಅದನ್ನು ತುಂಬಿಸುವುದು ನೀವು. ಹೊರಡುವ ಮೊದಲು ಡಿಪ್‌ಸ್ಟಿಕ್ ಇಳಿಸಿ ನೋಡಿ, ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಪ್ಯಾನೆಲ್ಲಿನ ಇಂಧನದ ಸೂಜಿಯನ್ನು ಹಣದ ಲೆಕ್ಕಕ್ಕೂ ನಂಬಬೇಡಿ, ಪ್ರಾಣದ ಲೆಕ್ಕಕ್ಕೂ ನಂಬಬೇಡಿ.

ಹಂತ 2: ಹಾಬ್ಸೋ, ಟ್ಯಾಕೋ?

ಹೊಸಬರು ಹೆಚ್ಚು ಎಡವುವುದು ಇಲ್ಲಿ. ವಿಮಾನದಲ್ಲಿ ಎರಡು ಗಡಿಯಾರ ಇರುತ್ತವೆ, ಎರಡೂ ಒಂದೇ ಹೊತ್ತನ್ನು ತೋರಿಸುವುದಿಲ್ಲ.

ಹಾಬ್ಸ್ ಮೀಟರು ಸಾಮಾನ್ಯವಾಗಿ ಎಂಜಿನ್ ಆಯಿಲಿನ ಒತ್ತಡ ಬಂದ ಕ್ಷಣದಿಂದ ಓಡುತ್ತದೆ, ಎಂಜಿನ್ ನಿಂತಾಗ ನಿಲ್ಲುತ್ತದೆ. ಟ್ಯಾಕ್ಸಿವೇಯಲ್ಲಿ ಐದು ವಿಮಾನದ ಹಿಂದೆ ಸರದಿಗೆ ಕಾದರೂ ಅದು ಪೂರ್ತಿ ವೇಗದಲ್ಲೇ ಎಣಿಸುತ್ತದೆ, ಸಿಗ್ನಲ್ಲಿನಲ್ಲಿ ನಿಂತ ಆಟೋದ ವೇಟಿಂಗ್ ಚಾರ್ಜಿನ ಹಾಗೆ. ಟ್ಯಾಕ್ ಮೀಟರು ಹಾಗಲ್ಲ. ಅದು ಎಣಿಸುವುದು ಎಂಜಿನ್ನಿನ ಸುತ್ತುಗಳನ್ನು. ಮೇಲೇರಿ ಸಮವಾಗಿ ಹಾರುವಾಗಿನ (ಕ್ರೂಸ್) ನಿಗದಿಯಾದ ಒಂದು ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಇಷ್ಟು ಸುತ್ತು ಎಂಬ ಲೆಕ್ಕದಲ್ಲಿ, ಎಂಜಿನ್ ತಿರುಗಿದರೆ ಮಾತ್ರ ಅದರ ಒಂದು ಗಂಟೆ ನಮ್ಮ ಗಡಿಯಾರದ ಒಂದು ಗಂಟೆಗೆ ಸಮ. ನೆಲದ ಮೇಲೆ ಸಾವಿರ ಆರ್‌ಪಿಎಂನಲ್ಲಿ ಉರುಳುವಾಗ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಓಡುತ್ತದೆ. ಹೀಗಾಗಿ ಒಂದೇ ಪ್ರಯಾಣದಲ್ಲಿ ಟ್ಯಾಕ್ ಲೆಕ್ಕ ಹಾಬ್ಸ್‌ಗಿಂತ ಶೇಕಡ 10ರಿಂದ 20ರಷ್ಟು ಕಡಿಮೆ ಬರುವುದು ಸಾಮಾನ್ಯ. ಲ್ಯಾಂಡಿಂಗ್ ಅಭ್ಯಾಸಕ್ಕೆಂದು ರನ್‌ವೇ ಸುತ್ತಲಿನ ಸರ್ಕ್ಯೂಟಿನಲ್ಲೇ ಸುತ್ತಿದರೆ ಅಂತರ ಇನ್ನೂ ಹೆಚ್ಚು, ಉದ್ದದ ಪ್ರಯಾಣದಲ್ಲಿ ಕಡಿಮೆ.

ಎರಡೂ ಗಂಟೆಯನ್ನು ಹತ್ತು ಭಾಗ ಮಾಡಿ ಬರೆಯುತ್ತವೆ. 0.1 ಅಂದರೆ ಆರು ನಿಮಿಷ. 190 ಡಾಲರ್ ಹಾಬ್ಸ್ ದರದಲ್ಲಿ ಆ ಆರು ನಿಮಿಷಕ್ಕೆ 19 ಡಾಲರ್. ಚೆಕ್‌ಲಿಸ್ಟು, ಜಿಪಿಎಸ್ ರೂಟು, ಹವಾಮಾನದ ಪ್ರಸಾರ ಎಲ್ಲವನ್ನೂ ಎಂಜಿನ್ ಶುರುವಾದ ಮೇಲೆ ನಿಧಾನವಾಗಿ ನೋಡುವ ಅಭ್ಯಾಸ ಹಾಬ್ಸ್ ಬಾಡಿಗೆಯಲ್ಲಿ ದುಬಾರಿ. ಎಂಜಿನ್ ಇಲ್ಲದೆ ಮಾಡಬಹುದಾದದ್ದನ್ನು ಮೊದಲೇ ಮುಗಿಸಿಕೊಳ್ಳಿ. ಆದರೆ ಟೇಕಾಫ್‌ಗೆ ಮೊದಲು ನೆಲದ ಮೇಲೆ ಮಾಡುವ ಎಂಜಿನ್ನಿನ ರನ್‌ಅಪ್ ಪರೀಕ್ಷೆಯನ್ನು ಅವಸರ ಮಾಡಬೇಡಿ. ಅಲ್ಲಿ ಉಳಿಸುವ ಹತ್ತೊಂಬತ್ತು ಡಾಲರ್ ಯಾರಿಗೂ ಬೇಡ.

ಭಾರತದಿಂದ ಬಂದು, ಅಲ್ಲಿನ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ 200 ಗಂಟೆ ಕೂಡಿಸುತ್ತಿರುವ ನಮ್ಮ ಹುಡುಗ ಹುಡುಗಿಯರು ಇದನ್ನು ಗಮನಿಸಬೇಕು. ಅಮೆರಿಕದ ನಿಯಮದಲ್ಲಿ ಹಾರಾಟದ ಸಮಯ ಎಂದರೆ ವಿಮಾನ ಹಾರಲೆಂದು ತನ್ನ ಬಲದಿಂದ ಕದಲಿದ ಹೊತ್ತಿನಿಂದ ಇಳಿದು ನಿಲ್ಲುವವರೆಗೆ. ಲಾಗ್‌ಬುಕ್ಕಿಗೆ ಹೋಗುವುದು ಅದು, ಟ್ಯಾಕ್ ತೋರಿಸಿದ್ದಲ್ಲ. ಟ್ಯಾಕ್ ಲೆಕ್ಕದಲ್ಲಿ ಬಾಡಿಗೆ ಕೊಡುವ ಕಡೆ ದುಡ್ಡು 2.2 ಗಂಟೆಗೆ ಕೊಟ್ಟು, ಲಾಗ್‌ಬುಕ್ಕಿನಲ್ಲಿ ನ್ಯಾಯವಾಗಿಯೇ 2.5 ಬರೆಯಬಹುದು. ನೂರು ಗಂಟೆ ಕೂಡಿಸುವವರಿಗೆ ಇದು ಸಣ್ಣ ಮೊತ್ತವಲ್ಲ.

ಹಂತ 3: ಪ್ರಯಾಣಕ್ಕೆ ಎಷ್ಟು ಗ್ಯಾಲನ್ ಬೇಕು?

172 ಗಂಟೆಗೆ ಎಂಟರಿಂದ ಹತ್ತು ಗ್ಯಾಲನ್ ಕುಡಿಯುತ್ತದೆ ಎಂಬ ಬಾಯಿಮಾತು ಸುಳ್ಳಲ್ಲ, ಆದರೆ ಬಿಲ್ಲಿನ ಲೆಕ್ಕಕ್ಕೆ ಸಾಲದು. ವಿಮಾನದ ಪೈಲಟ್ ಕೈಪಿಡಿಯ ಐದನೇ ವಿಭಾಗದಲ್ಲಿ ಕೋಷ್ಟಕಗಳಿವೆ, ಅಲ್ಲಿಂದ ಶುರು ಮಾಡಿ. ಎಂಜಿನ್ ಶುರು, ಟ್ಯಾಕ್ಸಿ, ಟೇಕಾಫ್‌ಗೆ 172ಎಸ್ ಕೈಪಿಡಿ 1.4 ಗ್ಯಾಲನ್ ಹಿಡಿಯುತ್ತದೆ. ಆರು ಸಾವಿರ ಅಡಿಗೆ ಏರುವಾಗ ಹೆಚ್ಚುವರಿಯಾಗಿ ಒಂದು ಗ್ಯಾಲನ್ ಇಟ್ಟುಕೊಳ್ಳೋಣ. ಮೇಲೆ ಹೋದ ಮೇಲೆ ಗಂಟೆಗೆ 9 ಗ್ಯಾಲನ್, ಆಕಾಶದಲ್ಲಿ ಕಳೆಯುವುದು ಒಂದು ಗಂಟೆ ಮೂರು ನಿಮಿಷ, ಅಂದರೆ ಸುಮಾರು 9.5. ಒಂದು ಕಡೆಗೆ ಹನ್ನೆರಡು ಗ್ಯಾಲನ್, ಹೋಗಿ ಬರಲು 24.

ಕೋಷ್ಟಕದ ಸಂಖ್ಯೆ ಬರುವುದು ಮಿಕ್ಸ್‌ಚರನ್ನು (ಎಂಜಿನ್ನಿಗೆ ಹೋಗುವ ಗಾಳಿ, ಇಂಧನದ ಮಿಶ್ರಣ) ಸರಿಯಾಗಿ ಲೀನ್ ಮಾಡಿದರೆ, ಅಂದರೆ ಅದರಲ್ಲಿ ಇಂಧನ ತಗ್ಗಿಸಿದರೆ ಮಾತ್ರ. ಮಿಕ್ಸ್‌ಚರಿನ ಕೆಂಪು ಗುಂಡಿಯನ್ನು ಪೂರ್ತಿ ಒಳಗೆ ತಳ್ಳಿ ಮರೆತು ಕೂತರೆ ಗಂಟೆಗೆ ಒಂದೆರಡು ಗ್ಯಾಲನ್ ಸುಮ್ಮನೆ ಹೋಗುತ್ತದೆ. ಆಗ ಕೈಪಿಡಿಯ ಲೆಕ್ಕಕ್ಕೂ ನಿಮ್ಮ ಟ್ಯಾಂಕಿಗೂ ಸಂಬಂಧವಿರುವುದಿಲ್ಲ. ಇದು ಬರೀ ದುಡ್ಡಿನ ಮಾತೂ ಅಲ್ಲ. ಮೂರು ಗಂಟೆಗೆ ಸಾಕು ಎಂದುಕೊಂಡ ಇಂಧನ ಎರಡೂವರೆ ಗಂಟೆಗೇ ಮುಗಿಯಬಹುದು.

ಗಾಳಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ: ಹೋಗುವಾಗ ಎದುರಾದರೆ ಬರುವಾಗ ಹಿಂದಿನಿಂದ ತಳ್ಳುತ್ತದೆ, ಸರಿಹೋಗುತ್ತದೆ ಎಂದು. ಹೋಗುವುದಿಲ್ಲ. 115 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ವೇಗದ ವಿಮಾನಕ್ಕೆ 20 ನಾಟ್ ಎದುರುಗಾಳಿ ಸಿಕ್ಕರೆ ಹೋಗಲು ಒಂದು ಗಂಟೆ ಹದಿಮೂರು ನಿಮಿಷ, ಬರಲು ಐವತ್ತೊಂದು. ಗಾಳಿಯಿಲ್ಲದ ದಿನಕ್ಕಿಂತ ನಾಲ್ಕು ನಿಮಿಷ ಜಾಸ್ತಿಯೇ. ನಿಧಾನದ ವೇಗದಲ್ಲಿ ಕಳೆಯುವ ಹೊತ್ತು ಹೆಚ್ಚಾದ್ದರಿಂದ ನಷ್ಟ ಪೂರ್ತಿ ಮರಳುವುದಿಲ್ಲ. ಗಾಳಿ ಬಲವಾದಷ್ಟೂ ಈ ಅಂತರ ಬೇಗ ಬೇಗ ಬೆಳೆಯುತ್ತದೆ.

ಹಂತ 4: ಎರಡು ಬಿಲ್ಲನ್ನು ಪಕ್ಕದಲ್ಲಿಟ್ಟು ನೋಡಿ

ಟ್ಯಾಕ್ಸಿ, ರನ್‌ಅಪ್ ಎಲ್ಲ ಸೇರಿ ನಮ್ಮ ಪ್ರಯಾಣ ಹಾಬ್ಸ್‌ನಲ್ಲಿ 2.6, ಟ್ಯಾಕ್‌ನಲ್ಲಿ 2.2 ಆಯಿತು ಎಂದಿಟ್ಟುಕೊಳ್ಳಿ. ಇಂಧನ ಗ್ಯಾಲನ್ನಿಗೆ 7 ಡಾಲರ್.

ವೆಟ್, ಹಾಬ್ಸ್, 190 ಡಾಲರ್: 2.6 × 190 = 494.

ಡ್ರೈ, ಟ್ಯಾಕ್, 130 ಡಾಲರ್: 2.2 × 130 = 286, ಇಂಧನ 24 × 7 = 168, ಒಟ್ಟು 454.

ಡ್ರೈ, ಹಾಬ್ಸ್, ಅದೇ 130 ಡಾಲರ್: 2.6 × 130 = 338, ಇಂಧನ 168, ಒಟ್ಟು 506.

ಅರವತ್ತು ಡಾಲರ್ ಅಗ್ಗ ಎಂದು ಕಂಡ ದರ ಮೀಟರು ಬದಲಾದ ಕೂಡಲೇ ಹನ್ನೆರಡು ಡಾಲರ್ ದುಬಾರಿಯಾಯಿತು. ಕೇವಲ 130 ಎಂದು ಕೇಳಿಸಿಕೊಂಡು ಬಂದವರಿಗೆ ಇದು ಕಾಣುವುದೇ ಇಲ್ಲ.

ಟ್ಯಾಕ್ ಲೆಕ್ಕದ ಡ್ರೈ ಬಾಡಿಗೆ ಎಲ್ಲಿಯವರೆಗೆ ಲಾಭ? 494ರಿಂದ 286 ಕಳೆದರೆ 208, ಅದನ್ನು 24 ಗ್ಯಾಲನ್ನಿಗೆ ಹಂಚಿದರೆ 8 ಡಾಲರ್ 67 ಸೆಂಟ್. ಇಂಧನ ಅದಕ್ಕಿಂತ ಅಗ್ಗವಿದ್ದರೆ ಡ್ರೈ, ಮೇಲಿದ್ದರೆ ವೆಟ್. ಈ ಒಂದು ಭಾಗಾಕಾರವನ್ನು ನಿಮ್ಮ ಎರಡು ಕ್ಲಬ್ಬುಗಳ ದರ ಹಾಕಿ ಒಮ್ಮೆ ಮಾಡಿಟ್ಟುಕೊಂಡರೆ ಆಮೇಲೆ ಪಂಪಿನ ಬೆಲೆ ನೋಡಿದರೆ ಸಾಕು.

ವಿಮಾನ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಹಳೆಯ ಸೆಸ್ನಾ 152 ಗಂಟೆಗೆ ಆರು ಗ್ಯಾಲನ್ನಿನ ಆಸುಪಾಸಿನಲ್ಲಿರುತ್ತದೆ, ಇಂಧನದ ಪಾಲು ಬಿಲ್ಲಿನಲ್ಲಿ ಕಡಿಮೆ. ಡೈಮಂಡ್ ಡಿಎ40 ಎನ್‌ಜಿಯ ಎಂಜಿನ್ ಡೀಸೆಲ್ ಮಾದರಿಯದು, ಕುಡಿಯುವುದು ಸೀಮೆಎಣ್ಣೆಯ ಜಾತಿಯ ಜೆಟ್ ಎ. ಅದರ ಗ್ಯಾಲನ್ ಲೆಕ್ಕ ಕಡಿಮೆ, ಬೆಲೆಯೂ ಎಷ್ಟೋ ಕಡೆ 172 ಕುಡಿಯುವ ಆವ್‌ಗ್ಯಾಸ್‌ಗಿಂತ (ವಿಮಾನದ ಪೆಟ್ರೋಲು) ಕಡಿಮೆ. ಆದರೆ ಬಾಡಿಗೆಯೇ ಹೆಚ್ಚಿರುವುದರಿಂದ ಉಳಿತಾಯ ಅಲ್ಲಿ ಕರಗಿಬಿಡುತ್ತದೆ.

ಹಂತ 5: ಒಪ್ಪಂದಕ್ಕೆ ತಕ್ಕ ಹಾಗೆ ಹಾರಿಸುವುದು

ವೆಟ್ ಹಾಬ್ಸ್‌ನಲ್ಲಿ ನೀವು ಕೊಳ್ಳುತ್ತಿರುವುದು ಸಮಯ. ಎಂಜಿನ್ನನ್ನು ಕೈಪಿಡಿ ಒಪ್ಪುವ ಶೇಕಡ 75 ಶಕ್ತಿಯಲ್ಲಿ ಓಡಿಸಿದರೆ ಬೇಗ ತಲುಪುತ್ತೀರಿ, ಹೆಚ್ಚು ಸುಡುವ ಇಂಧನ ಮಾಲೀಕರ ಲೆಕ್ಕ. ನಮ್ಮ ದಾರಿಯಲ್ಲಿ ಒಂದು ಕಡೆಗೆ ಮೂರು ನಿಮಿಷ ಉಳಿಯಬಹುದು, ಹತ್ತು ಡಾಲರ್.

ಡ್ರೈ ಟ್ಯಾಕ್‌ನಲ್ಲಿ ಅದೇ ಕೆಲಸ ತಿರುಗುಬಾಣ. ಸೂಜಿಯ ಹಳೆಯ ಟ್ಯಾಕ್ ಎಣಿಸುವುದು ಸುತ್ತುಗಳನ್ನು ಎಂದೆನಲ್ಲ. 2500ರ ಬದಲು 2650 ಆರ್‌ಪಿಎಂ ಇಟ್ಟರೆ ವಿಮಾನ ಬೇಗ ಹೋಗುತ್ತದೆ, ಮೀಟರೂ ಅಷ್ಟೇ ಬೇಗ ಓಡುತ್ತದೆ. 172ರ ಪ್ರೊಪೆಲ್ಲರಿನ ಕೋನ ಬದಲಾಗದ್ದರಿಂದ ವೇಗ ಹೆಚ್ಚುಕಡಿಮೆ ಸುತ್ತಿನ ಜತೆಗೇ ಏರುತ್ತದೆ. ಕೊನೆಗೆ ಮೀಟರಿನಲ್ಲಿ ಬರುವ ಸಂಖ್ಯೆ ಒಂದೇ, ಇಂಧನ ಮಾತ್ರ ಹೆಚ್ಚು. ಅಂಥ ಬಾಡಿಗೆಯಲ್ಲಿ ನಿಧಾನವಾಗಿ, ಲೀನ್ ಮಾಡಿಕೊಂಡು ಹೋಗುವವರೇ ಜಾಣರು.

ವೆಟ್ ಬಾಡಿಗೆಯಲ್ಲಿ ಲೀನ್ ಮಾಡಿದರೆ ನನಗೇನು ಉಳಿಯುತ್ತದೆ ಎನ್ನುವವರಿದ್ದಾರೆ. ಸೆಂಟ್ ಕೂಡ ಉಳಿಯುವುದಿಲ್ಲ, ನಿಜ. ಆದರೆ ಇಂಧನ ಹೆಚ್ಚಿರುವ ರಿಚ್ ಮಿಕ್ಸ್‌ಚರಿನಲ್ಲಿ ಆವ್‌ಗ್ಯಾಸಿನ ಸೀಸ ಸ್ಪಾರ್ಕ್ ಪ್ಲಗ್ಗಿನಲ್ಲಿ ಗಂಟುಕಟ್ಟುತ್ತದೆ, ಮುಂದಿನ ಶನಿವಾರ ರನ್‌ಅಪ್‌ನಲ್ಲಿ ಎಂಜಿನ್ ಗಡಗಡ ಎಂದಾಗ ಹಾರಾಟ ರದ್ದಾಗುವುದು ನಿಮ್ಮದೇ ಆಗಿರಬಹುದು.

ಹಂತ 6: ಬೇರೆ ಊರಿನಲ್ಲಿ ಇಂಧನ ಹಾಕಿಸುವಾಗ

ವೆಟ್ ಬಾಡಿಗೆಯ ನಿಜವಾದ ಸೋರಿಕೆ ಇಲ್ಲಿದೆ. ಹೊರಗೆ ಕೊಂಡ ಇಂಧನದ ರಸೀದಿ ಕೊಟ್ಟರೆ ಕ್ಲಬ್ಬು ಬಿಲ್ಲಿನಲ್ಲಿ ಕಳೆಯುತ್ತದೆ, ಆದರೆ ಸಾಮಾನ್ಯವಾಗಿ ಒಂದು ಮಿತಿಯವರೆಗೆ. ಅದು ತಮ್ಮ ನಿಲ್ದಾಣದ ಬೆಲೆಯಾಗಿರಬಹುದು ಅಥವಾ ತಾವೇ ನಿಗದಿ ಮಾಡಿದ ಮೊತ್ತವಾಗಿರಬಹುದು. ಮಿತಿ 6 ಡಾಲರ್ ಇದ್ದು ನೀವು 7.80ರ ಬೆಲೆಯಲ್ಲಿ 20 ಗ್ಯಾಲನ್ ಹಾಕಿಸಿದರೆ ಕೊಡುವುದು 156, ಮರಳುವುದು 120. ಆ 36 ಡಾಲರ್ ಸೇರಿಸಿದರೆ 494 ಆಗಿದ್ದ ಪ್ರಯಾಣ 530 ಆಗುತ್ತದೆ, ಗಂಟೆಯ ದರ 190ರಿಂದ 204ರ ಹತ್ತಿರ ಹೋಗುತ್ತದೆ. ಆದ್ದರಿಂದ ವೆಟ್ ಬಾಡಿಗೆಯಲ್ಲಿ ಮೊದಲ ಪ್ರಶ್ನೆ, ಹೊರಗೆ ಇಂಧನ ಹಾಕಿಸಲೇಬೇಕೇ? ನಮ್ಮ ಪ್ರಯಾಣಕ್ಕೆ ಬೇಡ. ತುಂಬಿದ ಟ್ಯಾಂಕಿನಲ್ಲಿ ಹೊರಟರೆ ಮನೆಗೆ ಬಂದಾಗಲೂ 29 ಗ್ಯಾಲನ್ ಉಳಿದಿರುತ್ತದೆ.

ಹಾಕಿಸಬೇಕಾಗಿ ಬಂದರೆ ಫೋರ್‌ಫ್ಲೈಟ್ ಆ್ಯಪ್‌ನಲ್ಲೋ ಏರ್‌ನ್ಯಾವ್ ಜಾಲತಾಣದಲ್ಲೋ ಬೆಲೆ ನೋಡಿ, ಆ ಬೆಲೆ ಯಾವ ದಿನಾಂಕದ್ದು ಎಂಬುದನ್ನೂ ನೋಡಿ. ಎಷ್ಟೋ ನಿಲ್ದಾಣಗಳಲ್ಲಿ ಎರಡು ಬೆಲೆ ಇರುತ್ತವೆ: ನೀವೇ ಹಾಕಿಕೊಳ್ಳುವ ಸೆಲ್ಫ್ ಸರ್ವ್ ಒಂದು, ಟ್ರಕ್ಕು ವಿಮಾನದ ಹತ್ತಿರಕ್ಕೇ ಬರುವ ಫುಲ್ ಸರ್ವಿಸ್ ಇನ್ನೊಂದು. ಎರಡನೆಯದರಲ್ಲಿ ಸಿಬ್ಬಂದಿಯ ಸಂಬಳ, ಟ್ರಕ್ಕಿನ ಖರ್ಚು ಸೇರಿರುವುದರಿಂದ ಬೆಲೆ ಮೇಲೆ. ಅದರ ಜತೆ, ವಿಮಾನ ನಿಲ್ಲಿಸಿದ್ದಕ್ಕೆ ಕೊಡುವ ರ‍್ಯಾಂಪ್ ಫೀ. ಇಷ್ಟು ಗ್ಯಾಲನ್ ಕೊಂಡರೆ ಅದು ಮಾಫಿ ಎನ್ನುವ ಕಡೆ, ಶುಲ್ಕ ಕೊಟ್ಟು ಬರುವುದು ಅಗ್ಗವೋ ದುಬಾರಿ ಇಂಧನ ಕೊಳ್ಳುವುದು ಅಗ್ಗವೋ ಎಂದು ಅಲ್ಲೇ ಕೂಡಿ ಕಳೆದು ನೋಡಿ. ಕಚೇರಿ ಮುಚ್ಚಿದ ಮೇಲೆ ಸಿಬ್ಬಂದಿಯನ್ನು ಕರೆಸಿದರೆ ಅದಕ್ಕೂ ಬೇರೆ ಶುಲ್ಕ ಬೀಳಬಹುದು.

ಸೆಲ್ಫ್ ಸರ್ವ್ ಪಂಪಿನಲ್ಲಿ ಮೊದಲು ಗ್ರೌಂಡಿಂಗ್ ತಂತಿ ಸಿಕ್ಕಿಸಿ, ಆಮೇಲೆ ಕಾರ್ಡು. ಪಂಪಿನ ಮೇಲಿನ ಲೇಬಲ್ ಓದಿ: 172ಕ್ಕೆ ಬೇಕಾದದ್ದು ಆವ್‌ಗ್ಯಾಸ್, ಜೆಟ್ ಎ ಅಲ್ಲ. ಯಂತ್ರ ಕೇಳಿದಾಗ ವಿಮಾನದ ನೋಂದಣಿ ಸಂಖ್ಯೆ ಹಾಕಿ. ಅದಿಲ್ಲದ ರಸೀದಿಗೆ ದುಡ್ಡು ವಾಪಸ್ ಕೊಡದ ಕ್ಲಬ್ಬುಗಳಿವೆ. ತುಂಬಿಸಿದ ಮೇಲೆ ಎರಡೂ ಮುಚ್ಚಳ ಬಿಗಿದಿವೆಯೇ ನೋಡಿ, ಸಂಪ್ ತೆಗೆದು, ಅಂದರೆ ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನ ಹಿಡಿದು, ಬಣ್ಣ ಪರೀಕ್ಷಿಸಿ. 100ಎಲ್‌ಎಲ್ ಎಂಬ ಸೀಸ ಬೆರೆತ ಆವ್‌ಗ್ಯಾಸ್ ನೀಲಿ ಇರಬೇಕು.

ಅಗ್ಗದ ಇಂಧನಕ್ಕಾಗಿ ದಾರಿ ಬಿಟ್ಟು ಹೋಗುವ ಚಟ ಕೆಲವರಿಗಿದೆ. ಗ್ಯಾಲನ್ನಿಗೆ ಒಂದೂವರೆ ಡಾಲರ್ ಕಡಿಮೆ, 20 ಗ್ಯಾಲನ್, ಉಳಿದದ್ದು 30 ಡಾಲರ್. ಅದಕ್ಕೆಂದು ಇಳಿದು, ಟ್ಯಾಕ್ಸಿ ಮಾಡಿ, ಮತ್ತೆ ಏರಲು 0.3 ಗಂಟೆ ಹಿಡಿದರೆ ಹಾಬ್ಸ್ ವೆಟ್‌ನಲ್ಲಿ ಹೋಗುವುದು 57 ಡಾಲರ್. ಡ್ರೈಯಲ್ಲೂ ಬಹಳ ಸಲ ನಷ್ಟವೇ. ಹೇಗೂ ಇಳಿಯುವ ಊರಿನಲ್ಲೇ ಅಗ್ಗವಿದ್ದರೆ ಮಾತ್ರ ಆ ಲಾಭ ನಿಮ್ಮದು.

ಹಂತ 7: ಯಾವ ಇಂಧನ ಎಂದೂ ಕೇಳಬೇಕಾದ ಕಾಲ

ಸೀಸ ಬೆರೆತ 100ಎಲ್‌ಎಲ್ ಎಲ್ಲೆಡೆ ಸಿಗುತ್ತದೆ ಎಂಬ ಭರವಸೆ ಕ್ಯಾಲಿಫೋರ್ನಿಯಾದಲ್ಲಿ ಈಗಿಲ್ಲ. ಸಾಂಟಾ ಕ್ಲಾರಾ ಕೌಂಟಿ ತನ್ನ ರೀಡ್-ಹಿಲ್‌ವ್ಯೂ ಮತ್ತು ಸ್ಯಾನ್ ಮಾರ್ಟಿನ್ ನಿಲ್ದಾಣಗಳಲ್ಲಿ 2022ರ ಜನವರಿ 1ರಿಂದ ಅದರ ಮಾರಾಟ ನಿಲ್ಲಿಸಿತು. 2031ರ ಆರಂಭದಿಂದ ಇಡೀ ರಾಜ್ಯದಲ್ಲಿ ಮಾರಾಟ ನಿಲ್ಲಿಸುವ ಕಾನೂನು 2024ರಲ್ಲಿ ಬಂದಿದೆ. ಸೀಸರಹಿತ ಇಂಧನ ಹಾಕಬೇಕಾದರೆ ಆ ವಿಮಾನಕ್ಕೆ ಅದರ ಅನುಮೋದನೆಯ ಕಾಗದ ಇರಬೇಕು, ಕ್ಲಬ್ಬಿನ ಒಪ್ಪಿಗೆಯೂ ಬೇಕು. ಬೇರೆ ಬೇರೆ ಕಂಪನಿಗಳ ಸೀಸರಹಿತ ಇಂಧನಗಳನ್ನೆಲ್ಲ ಒಂದರೊಳಗೊಂದು ಬೆರೆಸುವಂತಿಲ್ಲ. ಕ್ಲಬ್ಬು ವೆಟ್ ದರ ಕಟ್ಟಿರುವುದು ಯಾವ ಇಂಧನದ ಬೆಲೆಯ ಮೇಲೆ, ಹೊರಗೆ ಕೊಂಡಾಗಿನ ಮಿತಿ ಯಾವುದರದ್ದು ಎಂದು ಕೇಳಿಟ್ಟುಕೊಳ್ಳಿ.

ಭಾರತದಲ್ಲಿ ಆವ್‌ಗ್ಯಾಸ್ ಬಹುಕಾಲ ಆಮದಿನ ಸರಕಾಗಿತ್ತು. ಇಂಡಿಯನ್ ಆಯಿಲ್ ತನ್ನ ವಡೋದರ ರಿಫೈನರಿಯಲ್ಲಿ ತಯಾರಿಸಿದ 100ಎಲ್‌ಎಲ್ ಹೊರತಂದದ್ದು 2022ರಲ್ಲಿ.

ಹಂತ 8: ಎಷ್ಟು ತುಂಬಬೇಕು?

ಆವ್‌ಗ್ಯಾಸ್ ಗ್ಯಾಲನ್ನಿಗೆ ಆರು ಪೌಂಡ್. 53 ಗ್ಯಾಲನ್ ಅಂದರೆ 318 ಪೌಂಡ್, ಟ್ಯಾಬ್‌ವರೆಗಿನ 35 ಅಂದರೆ 210. ನಡುವಿನ 108 ಪೌಂಡ್ ಎಂದರೆ 49 ಕಿಲೋ, ಒಬ್ಬರು ಸಣಕಲು ವ್ಯಕ್ತಿ. ನಾಲ್ಕು ಸೀಟಿಗೆ ನಾಲ್ಕು ಜನ ದೊಡ್ಡವರನ್ನು ಕೂರಿಸಿ ಟ್ಯಾಂಕನ್ನೂ ಪೂರ್ತಿ ತುಂಬಿದರೆ 2550 ಪೌಂಡಿನ ಗರಿಷ್ಠ ತೂಕ ದಾಟುವುದು ಹೆಚ್ಚುಕಡಿಮೆ ಖಚಿತ. ಜನ ಹೆಚ್ಚಾದಾಗ ಇಂಧನ ಕಡಿಮೆ ಮಾಡಿ ದಾರಿಯಲ್ಲಿ ಕೊಳ್ಳಬೇಕಾಗುತ್ತದೆ, ಆಗ ಆರನೇ ಹಂತದ 36 ಡಾಲರ್ ತಲೆಗೆ ಬರುತ್ತದೆ.

ನಿಯಮದ ಪ್ರಕಾರ, ಹೊರಗೆ ಕಣ್ಣಿಗೆ ಕಾಣುವುದನ್ನು ನೋಡಿಕೊಂಡು ಹಾರುವ (ವಿಎಫ್‌ಆರ್) ಹಾರಾಟದಲ್ಲಿ ತಲುಪುವ ಜಾಗ ತಲುಪಿದ ಮೇಲೂ ಹಗಲಲ್ಲಿ 30 ನಿಮಿಷಕ್ಕೆ, ರಾತ್ರಿ 45 ನಿಮಿಷಕ್ಕೆ ಸಾಕಾಗುವಷ್ಟು ಇಂಧನ ಇರುವ ಲೆಕ್ಕದಲ್ಲಿ ಹೊರಡಬೇಕು. ಒಂದು ಗಂಟೆಯದು ಇರಲಿ ಎಂದು ಕೇಳುವ ಕ್ಲಬ್ಬುಗಳು ಬಹಳ, ನನ್ನ ಮತವೂ ಅದೇ. ಟ್ಯಾಬ್‌ವರೆಗೆ ತುಂಬಿ ಹೊರಟು 24 ಸುಟ್ಟರೆ ಉಳಿಯುವುದು 11 ಗ್ಯಾಲನ್, ಒಂದು ಗಂಟೆಯ ಮೇಲೆ ಸ್ವಲ್ಪ. ಅದು ಗಾಳಿ ಮಾತು ಕೇಳಿದ ದಿನದ ಲೆಕ್ಕ. ಪಾಸೋ ರೋಬ್ಲೆಸ್‌ನಲ್ಲಿ ಇಳಿದಾಗ ಅಂದುಕೊಂಡದ್ದಕ್ಕಿಂತ ಮೂರು ಗ್ಯಾಲನ್ ಕಡಿಮೆ ಕಂಡರೆ ಮರುಪಾವತಿಯ ಮಿತಿ ಎಷ್ಟೇ ಇರಲಿ, ಹಾಕಿಸಿಯೇ ಹೊರಡಿ.

ಹಂತ 9: ಗೆಳೆಯರ ಜತೆ ಹಂಚಿಕೊಳ್ಳುವಾಗ

ಪ್ರೈವೇಟ್ ಪೈಲಟ್ ತನ್ನ ಸರಿಪಾಲಿಗಿಂತ ಕಡಿಮೆ ಕೊಡುವಂತಿಲ್ಲ. ಮೂವರು ಹೋಗಿ 494 ಡಾಲರ್ ಆದರೆ ನಿಮ್ಮ ಪಾಲು 164 ಡಾಲರ್ 67 ಸೆಂಟಿಗಿಂತ ಕೆಳಗೆ ಇಳಿಯಬಾರದು. ಹಂಚಬಹುದಾದದ್ದು ಇಂಧನ, ಆಯಿಲ್, ನಿಲ್ದಾಣದ ಖರ್ಚು, ಬಾಡಿಗೆ ಇಷ್ಟೇ. ಕ್ಲಬ್ಬಿನ ತಿಂಗಳ ಚಂದಾ ಇದರೊಳಗೆ ಬರುವುದಿಲ್ಲ. ಎಲ್ಲರಿಗೂ ಹೋಗುವ ಉದ್ದೇಶ ಒಂದೇ ಇರಬೇಕು. ನಮ್ಮ ಅತ್ತೆಯವರನ್ನು ಅಲ್ಲಿ ಬಿಟ್ಟು ಬಾ, ಪೆಟ್ರೋಲಿನ ದುಡ್ಡು ಕೊಡುತ್ತೇನೆ ಎಂದು ಯಾರಾದರೂ ಪ್ರೀತಿಯಿಂದಲೇ ಕೇಳಿದರೂ ಅದು ಬಾಡಿಗೆ ಓಡಿಸಿದಂತೆ ಆಗುತ್ತದೆ, ಒಪ್ಪಬೇಡಿ. ಡ್ರೈ ಬಾಡಿಗೆಯಲ್ಲಿ ಇಂಧನದ ರಸೀದಿಯನ್ನೂ ಬಾಡಿಗೆಯ ಬಿಲ್ಲನ್ನೂ ಕೂಡಿಸಿದ ಮೇಲೆ ಹಂಚಿ. ಬರೀ ಇಂಧನವನ್ನು ಗೆಳೆಯರ ಮೇಲೆ ಹಾಕಿ ಬಾಡಿಗೆ ನನ್ನದು ಎಂದರೂ ಒಟ್ಟು ಖರ್ಚಿನಲ್ಲಿ ನಿಮ್ಮ ಪಾಲು ಕಡಿಮೆಯಾಗದಿದ್ದರೆ ಸರಿ.

ಇಳಿದ ಮೇಲೆ ಹಾಬ್ಸ್, ಟ್ಯಾಕ್, ಡಿಪ್‌ಸ್ಟಿಕ್ ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿಡಿ. ನಾಲ್ಕೈದು ಹಾರಾಟ ಆಗುವಷ್ಟರಲ್ಲಿ ನೀವು ಹಾರಿಸುವ ರೀತಿಗೆ ಆ ವಿಮಾನ ಗಂಟೆಗೆ ನಿಜವಾಗಿ ಎಷ್ಟು ಕುಡಿಯುತ್ತದೆ ಎಂಬುದು ಸಿಗುತ್ತದೆ. ಅದು ಕೈಪಿಡಿಗಿಂತ ಅರ್ಧ ಗ್ಯಾಲನ್ ಹೆಚ್ಚಿದ್ದರೆ ಮುಂದಿನ ಪ್ರಯಾಣದ ಮೂರನೇ ಹಂತದಲ್ಲಿ ಆ ಸಂಖ್ಯೆಯನ್ನೇ ಹಾಕಿ.